ಕೌಚ್ ಟು 5ಕೆ ಯೋಜನೆಯ ವಿಮರ್ಶೆ: 27 ಓಟ, 486 ನಿಮಿಷ, ಜನ ಕೈಬಿಡುವ ಎರಡು ಜಾಗ

ಓಟದ ಅಭ್ಯಾಸವೇ ಇಲ್ಲದವರು ಒಂಬತ್ತು ವಾರದಲ್ಲಿ ಅರ್ಧ ಗಂಟೆ ನಿಲ್ಲದೆ ಓಡಬಹುದು. ‘ಕೌಚ್ ಟು 5ಕೆ’, ಅಂದರೆ ಸೋಫಾದಿಂದ 5 ಕಿ.ಮೀ. ಓಟದವರೆಗೆ ಎಂಬ ಹೆಸರಿನ ಯೋಜನೆ ಕೊಡುವ ಭರವಸೆ ಇಷ್ಟೇ. 1996ರಲ್ಲಿ ಜಾಶ್ ಕ್ಲಾರ್ಕ್ ಇದನ್ನು ರೂಪಿಸಿದರು. ಮುಂದೆ ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದನ್ನು ಮೊದಲು ಆಡಿಯೊ ರೂಪದಲ್ಲಿ, ಆಮೇಲೆ ಆ್ಯಪ್ ಆಗಿ ಜನರ ಮುಂದಿಟ್ಟಿತು. ಈಗ ಇದೇ ಚೌಕಟ್ಟಿನ ಮೇಲೆ ಕಟ್ಟಿದ ಆ್ಯಪ್‌ಗಳು ಎಷ್ಟೋ ಇವೆ. ಧ್ವನಿ ಬೇರೆ, ಬಣ್ಣ ಬೇರೆ, ಒಳಗಿನ ಲೆಕ್ಕ ಮಾತ್ರ ಬಹುತೇಕ ಅದೇ. ಅದಕ್ಕೇ ಇಲ್ಲಿ ಒಂದು ಆ್ಯಪಿನ ಅಂದಚಂದ ನೋಡುವುದಕ್ಕಿಂತ ಆ ಲೆಕ್ಕವನ್ನೇ ಒರೆಗೆ ಹಚ್ಚುವುದು ಸರಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ದೂರದ ಓಟಕ್ಕೆ ಕಾಲಿಡುವ ಸಾಮಾನ್ಯ ಜನರಿಗೆ ಇದು ಒಳ್ಳೆಯ ಬಾಗಿಲು. ಇದರ ದೊಡ್ಡ ಗುಣ ಎಂದರೆ ನಡಿಗೆಯನ್ನು ಸೋಲು ಎಂದು ಎಣಿಸದೆ ಓಟದ ಒಂದು ಭಾಗವಾಗಿಯೇ ಇಟ್ಟಿರುವುದು, ಮತ್ತು ಕಿಲೋಮೀಟರ್ ಬದಲು ನಿಮಿಷಗಳಲ್ಲಿ ಅಳೆಯುವುದು. ಆದರೆ ಯೋಜನೆಯೊಳಗೆ ಎರಡು ಕಡೆ ಏರು ತೀರಾ ಕಡಿದಾಗಿದೆ. ಜನ ಬಿಟ್ಟುಹೋಗುವುದು ಹೆಚ್ಚಾಗಿ ಅಲ್ಲೇ. ಆ ಎರಡು ಜಾಗಗಳಿಗೆ ತಯಾರಾಗಿ ಓಡಿದರೆ ಯೋಜನೆ ಹೇಳಿದ್ದನ್ನು ಮಾಡಿ ತೋರಿಸುತ್ತದೆ.

ಒಳಗಿನ ಲೆಕ್ಕ

ವಾರಕ್ಕೆ ಮೂರು ದಿನ, ಎರಡು ಓಟಗಳ ನಡುವೆ ಕನಿಷ್ಠ ಒಂದು ದಿನ ಬಿಡುವು. ಪ್ರತಿ ಸಲವೂ ಮೊದಲು 5 ನಿಮಿಷ ಬಿರುಸಿನ ನಡಿಗೆ, ಕೊನೆಗೆ 5 ನಿಮಿಷ ಆರಾಮದ ನಡಿಗೆ.

ಮೊದಲ ವಾರ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಎಂಟು ಸುತ್ತು. ಎರಡನೇ ವಾರ 90 ಸೆಕೆಂಡು ಓಟ, 2 ನಿಮಿಷ ನಡಿಗೆ, ಒಟ್ಟು ಆರು ಓಟ. ಮೂರನೇ ವಾರ 90 ಸೆಕೆಂಡು ಓಟ, ಅಷ್ಟೇ ನಡಿಗೆ, 3 ನಿಮಿಷ ಓಟ, ಮತ್ತೆ ಅಷ್ಟೇ ನಡಿಗೆ. ಇದನ್ನು ಎರಡು ಸಲ. ನಾಲ್ಕನೇ ವಾರ 3, 5, 3, 5 ನಿಮಿಷದ ನಾಲ್ಕು ಓಟ. ನಡುವಿನ ನಡಿಗೆ ಒಂದೂವರೆ, ಎರಡೂವರೆ, ಒಂದೂವರೆ ನಿಮಿಷ. ಐದನೇ ವಾರ ಮೂರು ದಿನ ಮೂರು ಬಗೆ: ಮೊದಲ ದಿನ 5 ನಿಮಿಷದ ಮೂರು ಓಟ, ಎರಡನೇ ದಿನ 8 ನಿಮಿಷದ ಎರಡು ಓಟ, ಮೂರನೇ ದಿನ ನಡಿಗೆಯೇ ಇಲ್ಲದೆ 20 ನಿಮಿಷ. ಆರನೇ ವಾರ ಮೊದಲ ದಿನ 5, 8, 5, ಎರಡನೇ ದಿನ 10, 10, ಮೂರನೇ ದಿನ 22 ನಿಮಿಷ. ಎನ್‌ಎಚ್‌ಎಸ್ ರೂಪದಲ್ಲಿ ಈ ಕೊನೆಯದು 25 ನಿಮಿಷ. ಆಮೇಲೆ ಏಳನೇ ವಾರ ಮೂರೂ ದಿನ 25, ಎಂಟನೇ ವಾರ 28, ಒಂಬತ್ತನೇ ವಾರ 30 ನಿಮಿಷ.

ಓಡುವ ನಿಮಿಷಗಳನ್ನು ಮಾತ್ರ ವಾರವಾರು ಕೂಡಿದರೆ ಮೂಲ ಯೋಜನೆಯ ಚಿತ್ರ ಹೀಗೆ ಬರುತ್ತದೆ: 24, 27, 27, 48, 51, 60, 75, 84, 90. ಒಟ್ಟು 486 ನಿಮಿಷ, ಅಂದರೆ ಎಂಟು ಗಂಟೆಗೆ ಸ್ವಲ್ಪ ಹೆಚ್ಚು. ಎರಡು ತಿಂಗಳಿಗೂ ಮೀರಿದ ಅವಧಿಯಲ್ಲಿ ನಿಜವಾದ ಓಟ ಇಷ್ಟೇ. ಸಮಯವಿಲ್ಲ ಎನ್ನುವವರು ಒಮ್ಮೆ ಈ ಸಂಖ್ಯೆ ನೋಡಬೇಕು.

ಕಡಿದಾದ ಏರು ನಾಲ್ಕನೇ ವಾರದಲ್ಲಿ

ಈ ಯೋಜನೆಯ ಬಗ್ಗೆ ಮಾತು ಬಂದಾಗಲೆಲ್ಲ ಜನ ಹೆದರುವುದು ಐದನೇ ವಾರದ ಮೂರನೇ ದಿನಕ್ಕೆ. ಆದರೆ ಮೇಲಿನ ಸಾಲನ್ನು ಇನ್ನೊಮ್ಮೆ ಓದಿ. ಎರಡನೇ ವಾರದಿಂದ ಮೂರನೇ ವಾರಕ್ಕೆ ಒಟ್ಟು ಓಟ ಒಂದು ನಿಮಿಷವೂ ಏರುವುದಿಲ್ಲ. ಅಲ್ಲಿಂದ ನಾಲ್ಕನೇ ವಾರಕ್ಕೆ 27 ನಿಮಿಷ ಇದ್ದದ್ದು 48 ಆಗುತ್ತದೆ, ಅಂದರೆ ಶೇ 78ರಷ್ಟು ಜಿಗಿತ. ಜೊತೆಗೆ ನಡಿಗೆಯ ಬಿಡುವೂ ಕುಗ್ಗುತ್ತದೆ: ಮೂರನೇ ವಾರ 3 ನಿಮಿಷದ ಓಟಕ್ಕೆ 3 ನಿಮಿಷ ನಡಿಗೆ ಸಿಗುತ್ತಿತ್ತು, ನಾಲ್ಕನೇ ವಾರ ಅದೇ ಓಟಕ್ಕೆ ಒಂದೂವರೆ ನಿಮಿಷ.

ಇದು ಉಸಿರಿಗಿಂತ ಕಾಲಿಗೆ ಹೆಚ್ಚು ಕಷ್ಟ. ಹೃದಯ, ರಕ್ತ, ಸ್ನಾಯು ಬೇಗ ಹೊಂದಿಕೊಳ್ಳುತ್ತವೆ. ಓಡಲು ಶುರು ಮಾಡಿದ ಮೊದಲ ಎರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ರಕ್ತ ತಳ್ಳತೊಡಗುತ್ತದೆ. ಎಲುಬು ಮತ್ತು ಸ್ನಾಯುರಜ್ಜುಗಳು ಹಾಗಲ್ಲ. ಹೊಸ ಭಾರ ಬಿದ್ದ ಎಲುಬು ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ, ಆ ಕೆಲಸ ಮುಗಿಯಲು ತಿಂಗಳುಗಳು ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ನೆಲ ವಾಪಸ್ ಕೊಡುವ ಹೊಡೆತ ದೇಹದ ತೂಕದ ಎರಡರಿಂದ ಮೂರು ಪಟ್ಟು. ನಾಲ್ಕನೇ ವಾರಕ್ಕೆ ಬಂದಾಗ ದಮ್ಮು ಸಾಕಷ್ಟಿರುತ್ತದೆ, ಮನಸ್ಸು ಇನ್ನೂ ಓಡು ಎನ್ನುತ್ತದೆ, ಕಾಲಿನ ಎಲುಬು ಮಾತ್ರ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಮಂಡಿಯಿಂದ ಕೆಳಗೆ, ಕಾಲಿನ ಒಳಬದಿಯ ಎಲುಬಿನ ಅಂಚಿನುದ್ದಕ್ಕೂ ಹರಡಿಕೊಳ್ಳುವ ಶಿನ್ ನೋವು ಹೊಸಬರನ್ನು ಕಾಡುವುದು ಇದೇ ಕಾರಣಕ್ಕೆ.

ನಮ್ಮ ಸಲಹೆ: ಮೂರನೇ ಮತ್ತು ನಾಲ್ಕನೇ ವಾರದ ನಡುವೆ ಒಂದು ವಾರ ಸೇರಿಸಿಕೊಳ್ಳಿ. 3 ನಿಮಿಷದ ನಾಲ್ಕು ಓಟ, ನಡುವೆ ತಲಾ 2 ನಿಮಿಷ ನಡಿಗೆ, ಮೂರು ದಿನ. ವಾರದ ಮೊತ್ತ 36 ನಿಮಿಷ ಆಗುತ್ತದೆ, 27 ಮತ್ತು 48ರ ನಡುವಿನ ಹಳ್ಳಕ್ಕೆ ಒಂದು ಮೆಟ್ಟಿಲು ಸಿಗುತ್ತದೆ. ಯೋಜನೆ ಹತ್ತು ವಾರದ್ದಾಗುತ್ತದೆ, ನಷ್ಟ ಏನಿಲ್ಲ.

ಇದನ್ನು ರಾಮಬಾಣ ಎಂದುಕೊಳ್ಳಬಾರದು. ವಾರಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಡಿ ಎಂಬ ಹಳೆಯ ಸೂತ್ರವನ್ನು ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ 13 ವಾರಗಳ ನಿಧಾನದ ಯೋಜನೆ, ಇನ್ನೊಂದಕ್ಕೆ 8 ವಾರಗಳ ಮಾಮೂಲಿ ಯೋಜನೆ. ಎರಡರಲ್ಲೂ ಐದು ಜನರಲ್ಲಿ ಸುಮಾರು ಒಬ್ಬರಿಗೆ ಗಾಯವಾಯಿತು. ಶೇಕಡಾವಾರು ಲೆಕ್ಕವೊಂದೇ ಕಾಲನ್ನು ಕಾಯುವುದಿಲ್ಲ. ನೋವನ್ನು ಓದಲು ಕಲಿಯಬೇಕು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಮೂರನ್ನು ದಾಟದೆ ಮರುದಿನ ಬೆಳಿಗ್ಗೆ ಮಾಯವಾಗಿದ್ದರೆ ಮುಂದುವರಿಸಬಹುದು. ಓಡುತ್ತ ಓಡುತ್ತ ಹೆಚ್ಚಾದರೆ, ಅಥವಾ ಕುಂಟುವಂತೆ ಮಾಡಿದರೆ ಅಲ್ಲಿಗೆ ಅಂದಿನ ಓಟ ಮುಗಿಸಿ. ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದು, ಒಂಟಿಗಾಲಿನಲ್ಲಿ ಕುಪ್ಪಳಿಸಿದಾಗ ಅಲ್ಲೇ ಚುಚ್ಚಿದರೆ ಅದು ಎಲುಬಿನ ಸಣ್ಣ ಬಿರುಕಾಗಿರಬಹುದು. ಆಗ ಓಟ ಪೂರ್ತಿ ನಿಲ್ಲಿಸಿ ವೈದ್ಯರನ್ನು ಕಾಣಬೇಕು, ಓಡಿ ಸರಿಮಾಡಿಕೊಳ್ಳುವ ನೋವಲ್ಲ ಅದು.

ಐದನೇ ವಾರದ ಮೂರನೇ ದಿನ

ಎರಡು ದಿನದ ಹಿಂದೆ ಒಂದೇ ಸಮನೆ 8 ನಿಮಿಷ ಓಡಿದವರಿಗೆ ಯೋಜನೆ ಇವತ್ತು 20 ನಿಮಿಷ ಓಡು ಎನ್ನುತ್ತದೆ. ಕೇಳಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ. ಆದರೆ ಒಟ್ಟು ಓಟ ಏರುವುದು 16ರಿಂದ 20ಕ್ಕೆ ಮಾತ್ರ. ತೆಗೆದುಹಾಕಿರುವುದು ನಡುವಿನ ನಡಿಗೆಯನ್ನು. ಓಟದ ಮೊದಲ ಕೆಲವು ನಿಮಿಷ ಯಾವಾಗಲೂ ಕಷ್ಟ, ಯಾಕೆಂದರೆ ಕಾಲು ಕೇಳಿದಷ್ಟು ಆಮ್ಲಜನಕವನ್ನು ಹೃದಯ ಮತ್ತು ಶ್ವಾಸಕೋಶ ತಕ್ಷಣಕ್ಕೆ ಒದಗಿಸಲಾರವು. ಮೊದಲ ನಾಲ್ಕು ವಾರಗಳ ಚಿಕ್ಕ ಓಟಗಳೆಲ್ಲ ಆ ಕಷ್ಟದ ನಿಮಿಷಗಳಲ್ಲೇ ಮುಗಿದಿರುತ್ತವೆ. ಹದ ಸಿಕ್ಕ ಮೇಲೆ ಓಟ ಹೇಗಿರುತ್ತದೆ ಎಂಬುದೇ ಹೊಸಬರಿಗೆ ಗೊತ್ತಿರುವುದಿಲ್ಲ. ನಿಧಾನವಾಗಿ ಓಡಿದರೆ ಒಂಬತ್ತನೇ ನಿಮಿಷಕ್ಕೂ ಹತ್ತೊಂಬತ್ತನೇ ನಿಮಿಷಕ್ಕೂ ಅಂಥ ವ್ಯತ್ಯಾಸವಿಲ್ಲ ಎಂದು ಆ ದಿನ ಮೊದಲ ಬಾರಿ ಅರಿವಾಗುತ್ತದೆ. ಜನರ ಬದುಕಿನಲ್ಲಿ ಏನೋ ಬದಲಾಯಿತು ಎನ್ನುವ ಮಾತು ಹೆಚ್ಚಾಗಿ ಈ ಒಂದು ಓಟದ ನಂತರ ಕೇಳಿಬರುವುದು ಸಹಜ. ಈ ದಿನವನ್ನು ಇಲ್ಲಿಟ್ಟದ್ದು ಯೋಜನೆಯ ಜಾಣತನ ಎಂದೇ ನಮ್ಮ ಅಭಿಪ್ರಾಯ, ಅದನ್ನು ಬದಲಿಸಬೇಡಿ.

ಆದರೆ ತಯಾರಿ ಮಾಡಿಕೊಳ್ಳಿ. ಮೊದಲ 5 ನಿಮಿಷವನ್ನು ನಾಚಿಕೆಯಾಗುವಷ್ಟು ನಿಧಾನ ಓಡಿ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ, ಇಲ್ಲವಾದರೆ ಪಕ್ಕೆ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡರೆ ವೇಗ ತಗ್ಗಿಸಿ, ಆ ಜಾಗವನ್ನು ಕೈಯಿಂದ ಒತ್ತಿ, ಉಸಿರನ್ನು ಪೂರ್ತಿ ಹೊರಬಿಡುತ್ತ ಸ್ವಲ್ಪ ದೂರ ಹೋಗಿ. ಎಷ್ಟು ಮಾಡಿದರೂ ಆಗದಿದ್ದರೆ 10 ನಿಮಿಷದ ಬಳಿಕ ಒಂದೇ ಒಂದು ನಿಮಿಷ ನಡೆದು ಉಳಿದ 10 ನಿಮಿಷ ಮುಗಿಸಿ, ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿ. ಒಂದು ವಾರ ಹಿಂದಕ್ಕೆ ಹೋಗುವ ಅಗತ್ಯವಿಲ್ಲ.

ಯೋಜನೆ ಹೇಳದೆ ಬಿಟ್ಟ ಮುಖ್ಯ ಮಾತು: ವೇಗ

ಎಷ್ಟು ನಿಮಿಷ ಎಂದು ಅಚ್ಚುಕಟ್ಟಾಗಿ ಹೇಳುವ ಯೋಜನೆ, ಎಷ್ಟು ವೇಗ ಎಂಬುದರ ಬಗ್ಗೆ ಸಾಕಷ್ಟು ಹೇಳುವುದಿಲ್ಲ. ಇದು ದೊಡ್ಡ ಕೊರತೆ. ಆ್ಯಪ್ ‘ಓಡಿ’ ಎಂದಾಕ್ಷಣ ಹೊಸಬರು ಶಾಲೆಯ ಕ್ರೀಡಾದಿನದ ಓಟ ನೆನಪಿಸಿಕೊಂಡು ಧಾವಿಸುತ್ತಾರೆ. 60 ಸೆಕೆಂಡು ಹಾಗೆ ಓಡಬಹುದು, ಮೊದಲ ವಾರ ದಾಟಿಯೂ ಬಿಡುತ್ತದೆ. ಆ ಆರಂಭಶೂರತ್ವದ ಬಿಲ್ಲು ಬರುವುದು 5 ನಿಮಿಷದ ಓಟಗಳು ಎದುರಾದಾಗ. ‘ನನ್ನ ದೇಹ ಓಟಕ್ಕಲ್ಲ’ ಎಂದು ಬಿಟ್ಟವರಲ್ಲಿ ಬಹಳ ಮಂದಿಗೆ ತಪ್ಪಿದ್ದು ದೇಹವಲ್ಲ, ವೇಗ.

ಪರೀಕ್ಷೆ ಸುಲಭ. ಓಡುತ್ತಲೇ ಒಂದು ಪೂರ್ತಿ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ನಡುವೆ ಉಸಿರಿಗಾಗಿ ನಿಲ್ಲಬೇಕಾದರೆ ವೇಗ ಹೆಚ್ಚಾಗಿದೆ. ಎರಡೇ ಪದಕ್ಕೆ ಏದುಸಿರು ಬಂದರೆ ತೀರಾ ಹೆಚ್ಚಾಗಿದೆ. ನಡೆಯುವವರು ಸಹಜವಾಗಿ ಓಟಕ್ಕೆ ಬದಲಾಗುವ ವೇಗ ಗಂಟೆಗೆ ಸುಮಾರು 7 ಕಿ.ಮೀ. ಆದ್ದರಿಂದ ಒಂದು ಕಿಲೋಮೀಟರಿಗೆ 8 ನಿಮಿಷ ಹಿಡಿಯುವ ಓಟವೂ ಓಟವೇ. ಬಿರುಸಾಗಿ ನಡೆಯುವವರು ಪಕ್ಕದಲ್ಲೇ ಬಂದರೂ ಚಿಂತೆಯಿಲ್ಲ. ಹೆಜ್ಜೆ ಚಿಕ್ಕದಾಗಿರಲಿ, ಪಾದ ದೇಹದಿಂದ ಮುಂದೆ ಚಾಚಿ ಬೀಳದೆ ಸೊಂಟದ ಕೆಳಗೇ ಬೀಳಲಿ, ಭುಜ ಸಡಿಲವಾಗಿರಲಿ.

ಮಂಡಿ ನೋಯುವವರು ಹೆಜ್ಜೆ ಎಣಿಸಿ ನೋಡಬೇಕು. ಬಲಗಾಲು ನೆಲಕ್ಕೆ ತಾಗುವುದನ್ನು 30 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಹೆಜ್ಜೆ ಸಿಗುತ್ತದೆ. 38 ಬಂದರೆ 152. ವೇಗ ಹೆಚ್ಚಿಸದೆ ಇದನ್ನು ಶೇ 5ರಿಂದ 10ರಷ್ಟು ಏರಿಸಿ 160ರ ಆಸುಪಾಸಿಗೆ ತಂದರೆ ಹೆಜ್ಜೆ ಗಿಡ್ಡದಾಗಿ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಎಲ್ಲರೂ 180 ಮುಟ್ಟಬೇಕು ಎಂಬ ಮಾತಿಗೆ ಅರ್ಥವಿಲ್ಲ, ಎತ್ತರ ಮತ್ತು ವೇಗಕ್ಕೆ ತಕ್ಕಂತೆ ಅದು ಬದಲಾಗುತ್ತದೆ.

ಇನ್ನೊಂದು ಕೊರತೆ ಬಲ ಹೆಚ್ಚಿಸುವ ವ್ಯಾಯಾಮದ್ದು. ಓಟದಲ್ಲಿ ಹೆಚ್ಚು ದುಡಿಯುವುದು ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು. ವಾರಕ್ಕೆ ಎರಡು ಸಲ ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು 12ರಿಂದ 15 ಸಲದಂತೆ ಮೂರು ಸರದಿ ಮಾಡಿ, ಮಂಡಿ ನೇರವಾಗಿಟ್ಟು ಒಂದಿಷ್ಟು, ಬಾಗಿಸಿ ಇನ್ನಷ್ಟು. ಎರಡು ಕಾಲಿನಲ್ಲಿ ಸುಲಭವಾದ ಮೇಲೆ ಒಂದೊಂದೇ ಕಾಲಿನಲ್ಲಿ. ಅದರ ಜೊತೆ ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಏಳುವುದು, ಕೂರುವುದು. ಹತ್ತು ನಿಮಿಷದ ಕೆಲಸ.

ಆ್ಯಪ್, ಶೂ, ಉಳಿದ ಸಾಮಾನು

ಯಾವ ಆ್ಯಪ್ ಆದರೂ ನಡೆಯುತ್ತದೆ, ನಾಲ್ಕು ವಿಷಯ ನೋಡಿಕೊಳ್ಳಿ. ಫೋನ್ ಲಾಕ್ ಆದಾಗಲೂ ಧ್ವನಿ ಬರಬೇಕು. ಹಾಡು ಕೇಳುತ್ತಿದ್ದರೆ ಸೂಚನೆಯ ಹೊತ್ತಿಗೆ ಹಾಡಿನ ಸದ್ದು ತಾನೇ ತಗ್ಗಬೇಕು. ಒಂದು ಓಟವನ್ನೋ ವಾರವನ್ನೋ ಮತ್ತೆ ಮಾಡಲು ಬಿಡಬೇಕು. ತಪ್ಪಿದ ದಿನಕ್ಕೆ ಸರಪಳಿ ಮುರಿಯಿತು ಎಂದು ಹೆದರಿಸಬಾರದು. ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಬೇರೆ ಬೇರೆ ತರಬೇತುದಾರರ ಧ್ವನಿಯಲ್ಲಿ ಒಂದನ್ನು ಆರಿಸಿಕೊಳ್ಳಬಹುದು, ಓಟದ ಅರ್ಧಕ್ಕೆ ಬಂದಾಗ ಗಂಟೆ ಬಾರಿಸುತ್ತದೆ. ದೀರ್ಘ ಓಟಗಳಲ್ಲಿ ಆ ಗಂಟೆಯ ಸದ್ದು ಕೊಡುವ ಧೈರ್ಯ ಚಿಕ್ಕದಲ್ಲ. ಫೋನ್ ಬೇಡ ಎನ್ನುವವರಿಗೆ ಒಂದು ಚೀಟಿ ಮತ್ತು ಸೆಕೆಂಡು ತೋರಿಸುವ ಗಡಿಯಾರ ಸಾಕು.

ಖರ್ಚು ಮಾಡುವುದಾದರೆ ಶೂಗೆ ಮಾಡಿ. ಸಂಜೆ ಪಾದ ಸ್ವಲ್ಪ ಊದಿರುವಾಗ ಹಾಕಿ ನೋಡಿ, ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ, ಹಿಮ್ಮಡಿ ಜಾರದಿರಲಿ, ನಾಲ್ಕು ಹೆಜ್ಜೆ ಓಡಿ ನೋಡಿ. ಪಾದದ ಕಮಾನು ಅಳೆದು ಹೇಳುವ ಶಿಫಾರಸಿಗಿಂತ ಹಾಕಿದಾಗ ಹಾಯೆನಿಸುವುದೇ ಒಳ್ಳೆಯ ಅಳತೆ. ನಡಿಗೆಯೂ ಸೇರಿ ಪೂರ್ತಿ ಯೋಜನೆಗೆ ಕ್ರಮಿಸುವ ದೂರ ಹೆಚ್ಚೆಂದರೆ ನೂರು ಕಿಲೋಮೀಟರಿನ ಆಸುಪಾಸು. ಶೂ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ಹತ್ತಿಯ ಸಾಕ್ಸ್ ಬೆವರು ಹೀರಿ ಒದ್ದೆಯಾಗಿ ಬೊಬ್ಬೆ ತರಿಸುತ್ತದೆ, ಬೇಗ ಒಣಗುವ ಬಟ್ಟೆಯದು ಆರಿಸಿ. ಉಜ್ಜುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿ. ಕೈಗೆ ಕಟ್ಟುವ ದುಬಾರಿ ವಾಚು ಈ ಹಂತದಲ್ಲಿ ಬೇಡ, ಅದು ವೇಗ ತೋರಿಸಿ ವೇಗ ಹೆಚ್ಚಿಸುವ ಆಸೆ ಹುಟ್ಟಿಸುತ್ತದೆ.

ಯಾರು ನೇರವಾಗಿ ಶುರು ಮಾಡಬಾರದು ಎಂಬುದನ್ನೂ ಹೇಳಬೇಕು. ಶ್ರಮ ಪಟ್ಟಾಗ ಎದೆನೋವು, ತಲೆಸುತ್ತು, ಪ್ರಜ್ಞೆ ತಪ್ಪುವುದು ಇರುವವರು, ಹೃದ್ರೋಗಿಗಳು, ಹತೋಟಿಗೆ ಬಾರದ ರಕ್ತದೊತ್ತಡದವರು, ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರೊಂದಿಗೆ ಮಾತಾಡಲಿ. 30 ನಿಮಿಷ ಬಿರುಸಾಗಿ ನಡೆಯಲು ಕಷ್ಟವಾಗುವವರು ಮೊದಲು ನಾಲ್ಕು ವಾರ ನಡಿಗೆಯನ್ನೇ ಮಾಡಿ ಆಮೇಲೆ ಬರುವುದು ಒಳ್ಳೆಯದು.

ಬದುಕಿನಲ್ಲಿ ನಿಜಕ್ಕೂ ಬದಲಾಗುವುದೇನು

ತೂಕ ಇಳಿಸಲೆಂದು ಬರುವವರಿಗೆ ಕಹಿ ಲೆಕ್ಕ ಮೊದಲು. ಓಟದಲ್ಲಿ ದೇಹದ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕಿಲೋಕ್ಯಾಲೊರಿ ಖರ್ಚು. 486 ನಿಮಿಷವನ್ನು ಕಿ.ಮೀ.ಗೆ 8 ನಿಮಿಷದಂತೆ ಓಡಿದರೆ ಸುಮಾರು 60 ಕಿ.ಮೀ. 70 ಕಿಲೋ ತೂಕದವರಿಗೆ ಅದು 4,200 ಕಿಲೋಕ್ಯಾಲೊರಿ, ಕೊಬ್ಬಿಗೆ ಪರಿವರ್ತಿಸಿದರೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಹಸಿವೂ ಹೆಚ್ಚುತ್ತದೆ. ತಕ್ಕಡಿಯ ಮುಳ್ಳನ್ನೇ ನಂಬಿ ಓಡಿದವರು ನಡುವೆಯೇ ಬೇಸರಪಟ್ಟು ಬಿಡಬಹುದು. ಊಟದ ಕಡೆಯಿಂದ ಕೆಲಸ ನಡೆಯದೆ ಓಟವೊಂದರಿಂದಲೇ ತೂಕ ಹೇಳಿಕೊಳ್ಳುವಷ್ಟು ಇಳಿಯುವುದು ಅಪರೂಪ.

ಬದಲಾಗುವುದು ಬೇರೆ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದಿಲ್ಲ, ಇದು ಮೂರ್ನಾಲ್ಕು ವಾರದಲ್ಲೇ ಗೊತ್ತಾಗುತ್ತದೆ. ನಿದ್ದೆ ಹದವಾಗುತ್ತದೆ. ಕೆಲವು ತಿಂಗಳಲ್ಲಿ ವಿಶ್ರಾಂತಿಯ ನಾಡಿಬಡಿತ ಇಳಿಯುತ್ತದೆ. ಬೆಳಿಗ್ಗೆ ಏಳುವ ಮುಂಚೆ ಎಣಿಸಿ ಬರೆದಿಟ್ಟರೆ ತಕ್ಕಡಿಗಿಂತ ನಿಷ್ಠೆಯ ಸಾಕ್ಷಿ ಅದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ ಹೇಳಿದ ಬಿರುಸಿನ ವ್ಯಾಯಾಮ 75ರಿಂದ 150 ನಿಮಿಷ. ಯೋಜನೆಯ ಏಳನೇ ವಾರ ಸರಿಯಾಗಿ 75ಕ್ಕೆ ಬಂದು ನಿಲ್ಲುತ್ತದೆ. ಅಮೆರಿಕದಲ್ಲಿ 55,137 ವಯಸ್ಕರನ್ನು ಸರಾಸರಿ 15 ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಓಡದವರಿಗೆ ಹೋಲಿಸಿದರೆ ಓಡುವವರು ಯಾವುದೇ ಕಾರಣದಿಂದ ಸಾಯುವ ಅಪಾಯ ಶೇ 30ರಷ್ಟು, ಹೃದಯ-ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 45ರಷ್ಟು ಕಡಿಮೆ ಇತ್ತು. ವಾರಕ್ಕೆ 51 ನಿಮಿಷಕ್ಕಿಂತ ಕಡಿಮೆ, ಅದೂ ನಿಧಾನವಾಗಿ ಓಡುವವರಲ್ಲೂ ಈ ಲಾಭ ಕಂಡಿತ್ತು. 51 ನಿಮಿಷ ಎಂದರೆ ಈ ಯೋಜನೆಯ ಐದನೇ ವಾರದ ಮೊತ್ತ. ಇದು ಗಮನಿಸಿ ನೋಡಿದ ಅಧ್ಯಯನ. ಆರೋಗ್ಯವಂತರೇ ಹೆಚ್ಚು ಓಡುತ್ತಾರೆ ಎಂಬ ಸಾಧ್ಯತೆಯನ್ನು ಅದು ಪೂರ್ತಿ ತಳ್ಳಿಹಾಕಲಾರದು. ಹಾಗಿದ್ದರೂ ಸ್ವಲ್ಪ ಓಟಕ್ಕೂ ಬೆಲೆಯಿದೆ ಎಂಬ ಸುಳಿವು ಬಲವಾದದ್ದು.

ಮನಸ್ಸಿನ ವಿಷಯದಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನ 2023ರ ಅಧ್ಯಯನ ಕಣ್ಣು ತೆರೆಸುವಂಥದ್ದು. ಖಿನ್ನತೆ ಅಥವಾ ಆತಂಕದಿಂದ ಬಳಲುವ 141 ಜನರಲ್ಲಿ ಕೆಲವರು ಮಾತ್ರೆ, ಕೆಲವರು ಗುಂಪಿನ ಓಟ ಪಡೆದರು. 16 ವಾರದ ನಂತರ ಎರಡೂ ಕಡೆ ಚೇತರಿಸಿಕೊಂಡವರು ಹೆಚ್ಚುಕಡಿಮೆ ಒಂದೇ ಪ್ರಮಾಣ, ಸುಮಾರು ಶೇ 44. ದೇಹದ ಆರೋಗ್ಯದಲ್ಲಿ ಓಡಿದವರು ಮುಂದಿದ್ದರು. ಆದರೆ ಮಾತ್ರೆಯನ್ನು ಹೇಳಿದಂತೆ ಮುಂದುವರಿಸಿದವರು ಶೇ 82, ಓಟವನ್ನು ಹಾಗೆ ಮುಂದುವರಿಸಿದವರು ಶೇ 52. ಬಹುಪಾಲು ಜನ ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡಿದ್ದರು ಎಂಬುದನ್ನು ನೆನಪಿಡಬೇಕು, ಮತ್ತು ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ನಮಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ಕೊನೆಯ ಸಂಖ್ಯೆ. ಓಟ ಕೆಲಸ ಮಾಡುತ್ತದೆ, ಬಿಡದೆ ಓಡಿಸುವುದೇ ಕಷ್ಟ. ಯಾವ ಓಟದ ಯೋಜನೆಯನ್ನಾದರೂ ಇದೊಂದೇ ಅಳತೆಗೋಲಿನಿಂದ ಅಳೆಯಬೇಕು: ಎಷ್ಟು ಜನರನ್ನು ಅದು ಉಳಿಸಿಕೊಳ್ಳುತ್ತದೆ?

ಹೆಸರಿನ ತೊಡಕು, ಮುಂದಿನ ದಾರಿ

ಯೋಜನೆ ಮುಗಿಸಿದವರಲ್ಲಿ ಅನೇಕರಿಗೆ 5 ಕಿ.ಮೀ. ಆಗಿರುವುದಿಲ್ಲ. 30 ನಿಮಿಷಕ್ಕೆ 5 ಕಿ.ಮೀ. ಎಂದರೆ ಕಿಲೋಮೀಟರಿಗೆ 6 ನಿಮಿಷ, ಹೊಸಬರಿಗೆ ಅದು ವೇಗದ ಓಟ. 8 ನಿಮಿಷದವರು 3.75 ಕಿ.ಮೀ.ಗೆ ನಿಲ್ಲುತ್ತಾರೆ. ಮೂಲ ಯೋಜನೆಯಲ್ಲಿ ಸಮಯ ಮತ್ತು ದೂರ ಎರಡೂ ಆಯ್ಕೆ ಇತ್ತು, ಸಮಯವನ್ನೇ ಹಿಡಿದುಕೊಳ್ಳಿ. ಉಳಿದ ಒಂದೂಕಾಲು ಕಿಲೋಮೀಟರಿಗಾಗಿ ವೇಗ ಹೆಚ್ಚಿಸಬೇಡಿ, ಸಮಯ ಹೆಚ್ಚಿಸಿ: ವಾರದ ಮೂರು ಓಟಗಳಲ್ಲಿ ಒಂದನ್ನು ಮಾತ್ರ 33, 36, 40 ನಿಮಿಷಕ್ಕೆ ಒಯ್ಯಿರಿ. ಮೂರು ವಾರದಲ್ಲಿ 5 ಕಿ.ಮೀ. ತಾನಾಗಿ ಬರುತ್ತದೆ.

ಆ ಹೊತ್ತಿಗೆ ಪಾರ್ಕ್‌ರನ್ ಎಂಬ ಸಾಮೂಹಿಕ ಓಟ ಹತ್ತಿರದಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶೀ ಪಾರ್ಕಿನಲ್ಲಿ ಪಾಲ್ ಸಿಂಟನ್-ಹೆವಿಟ್ ಶುರು ಮಾಡಿದಾಗ ಓಡಿದವರು 13 ಜನ. ಈಗ ಹಲವು ದೇಶಗಳಲ್ಲಿ ವಾರಕ್ಕೊಮ್ಮೆ, ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ, 5 ಕಿ.ಮೀ. ನಡೆಯುತ್ತದೆ. ಶುಲ್ಕವಿಲ್ಲ, ಒಮ್ಮೆ ನೋಂದಾಯಿಸಿ ಬಾರ್‌ಕೋಡ್ ಇಟ್ಟುಕೊಂಡರೆ ಸಾಕು. ಸಮಯದ ಗಡುವಿಲ್ಲ, ಪೂರ್ತಿ ನಡೆದರೂ ಸರಿ. ಎಲ್ಲರಿಗಿಂತ ಹಿಂದೆ ಸ್ವಯಂಸೇವಕರೊಬ್ಬರು ನಡೆದು ಬರುವುದರಿಂದ ಕೊನೆಯವರಾಗುವ ಭಯವೂ ಇಲ್ಲ. ಬಾರ್‌ಕೋಡ್ ಮರೆತರೆ ಸಮಯ ದಾಖಲಾಗುವುದಿಲ್ಲ, ಅಷ್ಟೇ ಎಚ್ಚರ.

ಇನ್ನೂ ದೂರ ಹೋಗಬಯಸುವವರು ಮೊದಲು ನಾಲ್ಕು ವಾರ 30 ನಿಮಿಷದ ಮೂರು ಓಟಗಳಲ್ಲೇ ನೆಲೆ ನಿಲ್ಲಲಿ, ಎಲುಬಿಗೆ ಆ ಕಾಲ ಬೇಕು. ಆಮೇಲೆ ವಾರದ ಒಂದು ಓಟಕ್ಕೆ 5 ನಿಮಿಷ ಸೇರಿಸುತ್ತ ಹೋಗಿ, ಪ್ರತಿ ನಾಲ್ಕನೇ ವಾರ ಅದನ್ನು ಮೂರನೇ ಒಂದರಷ್ಟು ಇಳಿಸಿ. ಹೀಗೆ ಎರಡೂವರೆ ಮೂರು ತಿಂಗಳಲ್ಲಿ ಒಂದು ಗಂಟೆಯ ಓಟ ಕೈಗೆ ಬರುತ್ತದೆ, 10 ಕಿ.ಮೀ. ಅದರ ಹತ್ತಿರದಲ್ಲೇ ಇರುತ್ತದೆ. 75–90 ನಿಮಿಷ ದಾಟುವವರೆಗೆ ಓಡುತ್ತ ತಿನ್ನುವ ಅಗತ್ಯವಿಲ್ಲ. ದಾಟಿದ ಮೇಲೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕಾಗುತ್ತದೆ. ನೀರು ಬಾಯಾರಿದಷ್ಟು ಸಾಕು. ಗಂಟೆಗಟ್ಟಲೆ ಓಡುವಾಗ ಬಲವಂತವಾಗಿ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ನಿಲ್ಲದೆ ಓಡುವುದು ಒಗ್ಗದವರಿಗೂ ದಾರಿಯಿದೆ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಹೇಳಿಕೊಟ್ಟ ಓಟ-ನಡಿಗೆ-ಓಟದ ಕ್ರಮದಲ್ಲಿ ನಡಿಗೆ ಎಂದಿಗೂ ಹೋಗುವುದಿಲ್ಲ. ದಣಿಯುವ ಮೊದಲೇ, ಮೊದಲ ನಿಮಿಷಗಳಿಂದಲೇ ಲೆಕ್ಕ ಹಾಕಿ ನಡೆಯುತ್ತಾರೆ. ಆ ಕ್ರಮದಲ್ಲಿ 42.195 ಕಿ.ಮೀ.ನ ಮ್ಯಾರಥಾನ್ ಮುಗಿಸಿದ ಸಾಮಾನ್ಯರು ಬಹಳ. ಐದನೇ ವಾರದಲ್ಲಿ ಎರಡು ಮೂರು ಸಲ ಸೋತವರು ಓಟವನ್ನೇ ಬಿಡುವ ಬದಲು 2 ನಿಮಿಷ ಓಟ, 1 ನಿಮಿಷ ನಡಿಗೆಯಲ್ಲಿ ಅರ್ಧ ಗಂಟೆ ಕಳೆಯಲಿ. ಮೇಲೆ ಹೇಳಿದ ಲಾಭಗಳ ಬಾಗಿಲು ಅವರಿಗೂ ತೆರೆದೇ ಇರುತ್ತದೆ.

ಇನ್ನು ಯೋಜನೆಯಲ್ಲಿ ಎಲ್ಲೂ ಇಲ್ಲದ, ಆದರೆ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಬೇಕಾಗುವ ಪುಟ: ನಡುವೆ ತಪ್ಪಿದರೆ ಏನು ಮಾಡಬೇಕು? ಜ್ವರ, ಪ್ರಯಾಣ, ಮನೆಯ ಕೆಲಸ ಯಾರನ್ನೂ ಬಿಟ್ಟಿಲ್ಲ. ಒಂದು ಓಟ ತಪ್ಪಿದರೆ ಅದನ್ನೇ ಮಾಡಿ ಮುಂದೆ ಹೋಗಿ, ಎರಡನ್ನು ಒಂದೇ ದಿನಕ್ಕೆ ತುರುಕಬೇಡಿ. ಒಂದು ವಾರ ತಪ್ಪಿದರೆ ಕೊನೆಯ ಬಾರಿ ಮುಗಿಸಿದ ವಾರವನ್ನು ಮತ್ತೆ ಓಡಿ. ಎರಡು ವಾರವಾದರೆ ಅದಕ್ಕೂ ಒಂದು ವಾರ ಹಿಂದಕ್ಕೆ. ತಿಂಗಳಾದರೆ ಮುಟ್ಟಿದ ವಾರದ ಅರ್ಧಕ್ಕೆ ಬನ್ನಿ: ಎಂಟರಲ್ಲಿ ಬಿಟ್ಟವರು ನಾಲ್ಕರಿಂದ. ಜ್ವರದಿಂದ ಎದ್ದವರು ಮೈ ಬಿಸಿ ಪೂರ್ತಿ ಇಳಿದು ಕೆಲವು ದಿನ ಆರಾಮವಾಗಿ ನಡೆದ ಮೇಲೆ ಮಾತ್ರ ಓಡಲಿ. ಎರಡನೇ ಸಲ ಏರುವುದು ಸಾಮಾನ್ಯವಾಗಿ ಮೊದಲ ಸಲಕ್ಕಿಂತ ಸುಲಭ.